ಕಲಬೆರಕೆ ಪಾಠ

ಜಂಬಕ್ಕ ಹೊಲಿದ ಹರಿಗೋಲಿನಲ್ಲಿ ಊರೆಲ್ಲ ಹೊಳೆ ದಾಟುತ್ತಿತ್ತು. ಗೌಡರು ದಾಟುತ್ತಿದ್ದರು. ಶಾನುಭೋಗರು ದಾಟುತ್ತಿದ್ದರು. ಮಡಿಸೀರೆಯ ಮುದುಕಿಯರು ದಾಟುತ್ತಿದ್ದರು. ಸತ್ತ ಎಮ್ಮೆಯ ತೊಗಲಿನ ಮೇಲೆ ಕಾಲು ಮಡಚಿ ಕೂತು ಮಂಡಕ್ಕಿ ಮೆಲ್ಲುತ್ತಿದ್ದರು. ಆ ಎಮ್ಮೆಯನ್ನು ಎಳೆದು ತಂದು ಸುಲಿದವಳು ಇವಳು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ಮೊಣಕಾಲಲ್ಲಿ ಒತ್ತಿ ಹಿಡಿದು ದಬ್ಬಳ ಚುಚ್ಚಿದವಳು ಇವಳು. ಸುಣ್ಣದ ನೀರು ಹತ್ತಿ ಹತ್ತಿ ಅವಳ ಉಗುರುಗಳು ಹಳದಿಯಾಗಿದ್ದವು. ಹೊಳೆಗೆ ಇಳಿದ ಮೇಲೆ ಹರಿಗೋಲಿಗೆ ಮೈಲಿಗೆ ಇರಲಿಲ್ಲ. ಜಂಬಕ್ಕನಿಗೆ ಇತ್ತು.

ಊರಿನ ಹೆಸರು ಸಣ್ಣಗಡ್ಡಿ. ಕಂಪ್ಲಿಯಿಂದ ಮೂರು ಮೈಲಿ. ಈಚೆ ದಂಡೆ ಮದ್ರಾಸು ಸರಕಾರದ್ದು, ಆಚೆ ದಂಡೆ ನಿಜಾಮನದು. ಜಂಬಕ್ಕನ ಗಂಡ ಪಾಲಪ್ಪ ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸು ಅಗೆಯಲು ಹೋಗಿದ್ದ. ವರ್ಷಕ್ಕೊಮ್ಮೆ ಕೆಮ್ಮುತ್ತ ಬಂದು, ಕೆಮ್ಮುತ್ತ ಹೋಗುತ್ತಿದ್ದ. ಮಾವ ಸತ್ತಮೇಲೆ ಅವನ ದಬ್ಬಳ ಸೊಸೆಯ ಕೈಗೆ ಬಂತು. ಇದ್ದವಳು ಒಬ್ಬಳೇ ಮಗಳು. ಗಂಡನ ತಾಯಿಯ ಹೆಸರಿಟ್ಟಿದ್ದರಿಂದ ಒಂಬತ್ತು ವರ್ಷಕ್ಕೇ ಅವಳು ಮುದುಕಮ್ಮ.

ಮುದುಕಮ್ಮ ಶಾಲೆಗೆ ಹೋಗುತ್ತಿದ್ದಳು. ಹೋಗುತ್ತಿದ್ದಳು ಎಂದರೆ, ಶಾಲೆಯಿಂದ ಹದಿನೈದು ಹೆಜ್ಜೆ ದೂರದ ಹೊಂಗೆ ಮರದವರೆಗೆ. ಕೇರಿಯ ಮಕ್ಕಳನ್ನೂ ಸೇರಿಸಿಕೊಳ್ಳಬೇಕು ಎಂದು ಸರಕಾರ ಹೇಳಿತ್ತು. ಎಲ್ಲಿ ಕೂರಿಸಬೇಕು ಎಂದು ಹೇಳಿರಲಿಲ್ಲ. ಹೆಸರು ಹಾಜರಿ ಪುಸ್ತಕದಲ್ಲಿ, ಹುಡುಗಿ ಮರದ ಕೆಳಗೆ. ಅವಳು ಸ್ಲೇಟನ್ನು ನೆಲದ ಮೇಲಿಟ್ಟು ದೂರ ಸರಿದರೆ ಮಾಸ್ತರು ಬಂದು ನಿಂತೇ ಬಗ್ಗಿ ನೋಡುತ್ತಿದ್ದರು. ತಪ್ಪಿದ್ದರೆ ತಲೆ ಅಲ್ಲಾಡಿಸುತ್ತಿದ್ದರು. ಸರಿಯಿದ್ದರೂ ತಲೆ ಅಲ್ಲಾಡಿಸುತ್ತಿದ್ದರು. ಯಾವುದು ಯಾವುದು ಎಂದು ಮುದುಕಮ್ಮನೇ ಕಂಡುಕೊಳ್ಳಬೇಕಿತ್ತು.

ಮೂವತ್ತೆಂಟನೇ ಇಸವಿಯಲ್ಲಿ ಆ ಮಾಸ್ತರು ಹೋಗಿ ತಿರುಮಲ ಮಾಸ್ತರು ಬಂದರು. ಹೊಸಪೇಟೆಯ ವೈಷ್ಣವರ ಮನೆಯ ಹುಡುಗ, ಮೀಸೆ ಈಗತಾನೇ ಗಟ್ಟಿಯಾಗುತ್ತಿತ್ತು. ಬಳ್ಳಾರಿಯಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ, ದಪ್ಪನೆಯ ನೋಟುಬುಕ್ಕು ಹಿಡಿದುಕೊಂಡು ಬಂದಿದ್ದರು. ಲೆಕ್ಕ ಬೇರೆ, ಭೂಗೋಳ ಬೇರೆ, ಕನ್ನಡ ಬೇರೆ ಎಂದು ಕಲಿಸಬಾರದು. ಒಂದು ಕಸುಬು ಹಿಡಿದು ಎಲ್ಲವನ್ನೂ ಅದರಲ್ಲೇ ಬೆಸೆಯಬೇಕು. ಒಬ್ಬೊಬ್ಬ ಹುಡುಗನಿಗೆ ಒಂದೊಂದು ದಾರಿಯಲ್ಲಿ ವಿದ್ಯೆ ಹತ್ತುತ್ತದೆ ಎಂದು ಅದರಲ್ಲಿ ಬರೆದಿತ್ತು. ಬರೆದದ್ದನ್ನು ಮಾಸ್ತರು ನಂಬಿದ್ದರು. ತೊಂದರೆ ಶುರುವಾದದ್ದು ಅಲ್ಲಿಂದ.

ಮೊದಲು ತಕಲಿಯಲ್ಲಿ ನೂಲು ತೆಗೆಸಿದರು. ಮೂರನೇ ದಿನ ಹುಡುಗರು ಆ ನೂಲಿನಿಂದಲೇ ಮಾಸ್ತರ ಕುರ್ಚಿಯನ್ನು ಮಾಸ್ತರ ಸಮೇತ ಕಂಬಕ್ಕೆ ಕಟ್ಟಿದರು. ಆಮೇಲೆ ಕಾಯಿಪಲ್ಲೆ ತೋಟ ಮಾಡಿಸಿದರು. ಗೌಡರ ಮೇಕೆಗಳು ತೋಟವನ್ನೂ ತಿಂದವು, ಗಿಡಗಳ ಹೆಸರು ಬರೆದ ಚೀಟಿಗಳನ್ನೂ ತಿಂದವು. ಅಷ್ಟರಲ್ಲಿ ಇನ್‌ಸ್ಪೆಕ್ಟರರ ಕಾಗದ ಬಂತು: ಮುಂದಿನ ತಿಂಗಳು ತನಿಖೆಗೆ ಬರುತ್ತೇವೆ, ಕಸುಬಿನ ಪಾಠ ನಡೆಯದ ಶಾಲೆಯನ್ನು ಪಕ್ಕದ ಊರಿಗೆ ಎತ್ತುತ್ತೇವೆ.

ಮಾಸ್ತರು ಬಿಸಿಲಲ್ಲಿ ಕೇರಿಯ ಅಂಚಿಗೆ ಬಂದು ನಿಂತರು. ಜಂಬಕ್ಕ ತೊಗಲು ಹೆರೆಯುತ್ತಿದ್ದಳು. ವಾಸನೆಗೆ ಮಾಸ್ತರ ಮೂಗು ತಾನೇ ತಾನಾಗಿ ಅತ್ತ ತಿರುಗಿತು. ಅವರು ಅದನ್ನು ಬಲವಂತವಾಗಿ ಇತ್ತ ತಿರುಗಿಸಿದರು.

"ಜಂಬಕ್ಕ, ಹರಿಗೋಲು ಮಾಡೋದನ್ನ ಹುಡುಗರಿಗೆ ಕಲಿಸ್ತೀಯೇನು?"

"ಯಾವ ಹುಡುಗರಿಗ್ರಿ?"

"ನಮ್ಮ ಶಾಲಿ ಹುಡುಗರಿಗೆ. ಗೌಡರ ಮಗ, ಶಾನುಭೋಗರ ಮಗ, ಎಲ್ಲಾರಿಗೂ."

ಜಂಬಕ್ಕ ಕತ್ತಿ ಕೆಳಗಿಟ್ಟಳು. "ಗೌಡ್ರ ಮಗ ತೊಗಲು ಹೊಲಿತಾನಾ? ಮಾಸ್ತರ, ಬಿಸಲಾಗ ಟೊಪಿಗಿ ಇಲ್ದ ತಿರಗಬ್ಯಾಡ್ರಿ."

"ನಗಬ್ಯಾಡ, ಕೇಳು. ಬಿದಿರ ದಬ್ಬಿ ಎಣಿಸಿದ್ರ ಲೆಕ್ಕ ಬಂತು. ಹೊಳಿ ದಾಟಿದ್ರ ಭೂಗೋಳ ಬಂತು. ಮಾಡಿದ್ದನ್ನ ಬರೆದ್ರ ಕನ್ನಡ ಬಂತು. ಕೆಲವರಿಗೆ ಬಾಯಿಲೆ ಬರೋದಿಲ್ಲ, ಕೈಲೆ ಬರ್ತೈತಿ. ಕೆಲವರಿಗೆ ಕಣ್ಣಿಲೆ ಬರ್ತೈತಿ."

"ನನ್ನ ಮಗಳಿಗೆ ಎದರಿಲೆ ಬರ್ತೈತ್ರಿ?"

ಮಾಸ್ತರು ಶಾಲೆಯ ಕಡೆ ತಿರುಗಿ ನೋಡಿದರು.

"ಹದಿನೈದು ಹೆಜ್ಜಿ ದೂರದಿಂದ ಬರ್ತೈತೇನ್ರಿ?"

ಮಾಸ್ತರು ನೋಟುಬುಕ್ಕು ತೆರೆದು ನೋಡಿದರು. ಅದರಲ್ಲಿ ಉತ್ತರ ಇರಲಿಲ್ಲ.

ಜಂಬಕ್ಕ ಒಪ್ಪಿದಳು. ಒಪ್ಪಿದ್ದು ಮಗಳಿಗಾಗಿ. ಕಲಿಸುವವಳು ತಾನೇ ಎಂದಾದರೆ ಮಗಳಿಗೆ ಒಳಗೆ ಒಂದು ಮೂಲೆಯಾದರೂ ಸಿಕ್ಕೀತು ಎಂದುಕೊಂಡಳು.

ಶಾಲೆಯ ಮೇಲ್ವಿಚಾರಣೆ ದೊಡ್ಡಬಸಪ್ಪ ಗೌಡರದು. ಅವರು ಮೂರು ದಿನ ಯೋಚಿಸಿದರು. ಶಾಲೆ ಪಕ್ಕದ ಊರಿಗೆ ಹೋದರೆ ಮರ್ಯಾದೆ ಹೋಗುತ್ತದೆ. ಜಂಬಕ್ಕ ಒಳಗೆ ಬಂದರೆ ಮಡಿ ಹೋಗುತ್ತದೆ. ಎರಡನ್ನೂ ಉಳಿಸುವ ದಾರಿ ಅವರಿಗೆ ಹೊಳೆಯಿತು.

"ಆಕಿ ಗಿಡದ ಬುಡಕ ಕುಂತು ಹೇಳ್ಲಿ," ಎಂದರು. "ನೀವು ಕೇಳ್ಕಂಡು ಒಳಗ ಹೋಗಿ ಹುಡುಗರಿಗೆ ಹೇಳ್ರಿ. ಹರಿಗೋಲು ಒಳಗ ಆಗ್ಲಿ, ಸಾಹೇಬರು ಬಂದಾಗ ಶಾಲ್ಯಾಗ ಕಾಣಬೇಕು. ಪಾಠ ಬೇಕಾದ್ರ ಕಲಬೆರಕಿ ಮಾಡ್ರಿ ಮಾಸ್ತರ. ಹುಡುಗರನ್ನ ಮಾಡಬ್ಯಾಡ್ರಿ."

ಹೀಗೆ ಪಾಠ ಶುರುವಾಯಿತು. ಜಂಬಕ್ಕ ಮರದ ಕೆಳಗೆ ಕೂತು ಬಿದಿರಿನ ದಬ್ಬೆ ಹಿಡಿದು, "ಹಿಂಗ ಮ್ಯಾಲ ಒಂದು, ಕೆಳಗ ಒಂದು" ಎನ್ನುವಳು. ಮಾಸ್ತರು "ಮ್ಯಾಲ ಒಂದು, ಕೆಳಗ ಒಂದು" ಎಂದು ಗುನುಗುತ್ತ ಹದಿನೈದು ಹೆಜ್ಜೆ ಓಡುವರು. ಬಾಗಿಲಲ್ಲಿ ಯಾವನೋ ಒಬ್ಬ ಸೀನುವನು. ಒಳಗೆ ಹೋಗುವಷ್ಟರಲ್ಲಿ ಅದು "ಮ್ಯಾಲ ಎರಡು" ಆಗಿರುವುದು. ಮತ್ತೆ ಓಡಿ ಬಂದು ಕೇಳುವರು. ಮಧ್ಯಾಹ್ನದ ಹೊತ್ತಿಗೆ ಮಾಸ್ತರ ಪಂಚೆಯ ಕಚ್ಚೆ ಬಿಚ್ಚಿ ಹಿಂದೆ ಬಾಲದಂತೆ ಬರುತ್ತಿತ್ತು. ವಾರದಲ್ಲಿ ಅವರ ಕೆನ್ನೆ ಒಳಗೆ ಹೋಯಿತು.

ಒಳಗಿನ ಹುಡುಗರಿಗೆ ಇದ್ದಕ್ಕಿದ್ದಂತೆ ಒಂದಕ್ಕೆ ಅವಸರವಾಗತೊಡಗಿತು. ಕಿರುಬೆರಳು ಎತ್ತುವುದು, ಹೊರಗೆ ಬರುವುದು, ಮರದ ಹತ್ತಿರ ನಿಂತು ನೋಡುವುದು. ಗೌಡರ ಮಗ ಕೊಟ್ರಯ್ಯ ಒಂದೇ ಬೆಳಿಗ್ಗೆ ಹನ್ನೊಂದು ಸಲ ಹೋದ. ಗೌಡತಿ ಹೆದರಿ ಬಾರ್ಲಿ ನೀರು ಕಾಯಿಸಿ ಕುಡಿಸಿದಳು. ಆಮೇಲೆ ಅವನು ನಿಜವಾಗಿಯೂ ಹನ್ನೊಂದು ಸಲ ಹೋಗಬೇಕಾಯಿತು.

ಈ ಕೊಟ್ರಯ್ಯನಿಗೆ ಏಳರ ಮಗ್ಗಿ ಎರಡು ವರ್ಷದಿಂದ ಬಂದಿರಲಿಲ್ಲ. ಬಾಯಿಪಾಠಕ್ಕೆ ನಿಲ್ಲಿಸಿದರೆ ಕಣ್ಣು ತೇಲಿಸುತ್ತಿದ್ದ. ಈಗ ಏಳೇಳು ದಬ್ಬೆಯ ಕಟ್ಟು ಕಟ್ಟುತ್ತ ಕಟ್ಟುತ್ತ ಅವನು ಒಂದು ದಿನ, "ಒಂಬತ್ತು ಕಟ್ಟು, ಅರವತ್ತ್ಮೂರು" ಎಂದುಬಿಟ್ಟ. ಹೇಳಿ ತಾನೇ ಬೆಚ್ಚಿದ. ಶಾನುಭೋಗರ ಮಗ ಶೀನಪ್ಪನಿಗೆ ದಬ್ಬೆ ಹಿಡಿದರೆ ಕೈಗೆ ಸಿಬಿರು. ಅವನು ಹರಿಗೋಲಿನ ಅಂಗಾಂಗಗಳ ಹೆಸರನ್ನೆಲ್ಲ ಚೆಂದವಾಗಿ ಬರೆದ. ಮುದುಕಮ್ಮನಿಗೆ ಬರೆಯುವುದೂ ಬರುತ್ತಿತ್ತು, ಹೆಣೆಯುವುದೂ ಬರುತ್ತಿತ್ತು. ಅವಳು ಮರದ ಕೆಳಗೆ ಇದ್ದಳು.

ಜಂಬಕ್ಕ ಇದನ್ನೆಲ್ಲ ನೋಡುತ್ತಿದ್ದಳು. ಬಿಸಿಲೇರಿದಾಗ ಗಂಟಲು ಒಣಗುತ್ತಿತ್ತು. ಕೂಗಳತೆಯಲ್ಲಿ ಶಾಲೆಯ ನೀರಿನ ಗಡಿಗೆ ಇತ್ತು. ಹೊಳೆಗೆ ಹೋಗಿ ಕುಡಿದು ಬರುತ್ತಿದ್ದಳು. ಕಲಿಸುವವಳು ತಾನು, ಬಾಯಾರಿ ಸಾಯುವವಳೂ ತಾನು ಎಂದು ದಬ್ಬೆಯನ್ನು ನೆಲಕ್ಕೆ ಕುಕ್ಕುತ್ತಿದ್ದಳು.

ಹನ್ನೆರಡನೇ ದಿನ ಹಂದರ ಮುಗಿಯಿತು. ದುಂಡಗೆ, ದೊಡ್ಡ ಬುಟ್ಟಿಯಂತೆ, ಅಡ್ಡಳತೆ ಐದು ಮೊಳ. ಇನ್ನು ತೊಗಲು ಹೊದಿಸಿ ಹೊಲಿಯುವುದೊಂದೇ ಬಾಕಿ.

"ಹೊರಗ ತರ್ರಿ," ಎಂದಳು ಜಂಬಕ್ಕ.

ಹುಡುಗರು ಎತ್ತಿದರು. ಬಾಗಿಲ ಅಗಲ ಎರಡು ಮೊಳ. ಅಂಚಿನ ಮೇಲೆ ನಿಲ್ಲಿಸಿ ಉರುಳಿಸಿದರು. ಬಾಗಿಲ ಎತ್ತರ ನಾಲ್ಕು ಮೊಳ. ಓರೆ ಮಾಡಿದರು, ಬೋರಲು ಹಾಕಿದರು. ಮಾಸ್ತರು ಒಳಗೆ ಹೊಕ್ಕು ತಳ್ಳಿದರು. ಹರಿಗೋಲು ಬಾಗಿಲಿಗೆ ಕಚ್ಚಿಕೊಂಡು ಮಾಸ್ತರು ಅದರ ಹಿಂದೆ ಕೋಳಿಬುಟ್ಟಿಯ ಹುಂಜದಂತೆ ಸಿಕ್ಕಿಕೊಂಡರು.

"ನಾನು ಮೊದಲನೇ ದಿನ ಹೇಳಿದ್ನಲ್ರಿ," ಎಂದಳು ಜಂಬಕ್ಕ. "ದೊಡ್ಡದು ಮಾಡದಿದ್ರ ಒಳಗ ಹೆಣೀರಿ, ದೊಡ್ಡದಾದ್ರ ಹೊರಗ ಹೆಣೀರಿ ಅಂತ."

"ಒಳಗ ಹೆಣೀರಿ ಅನ್ನೋದು ಮಾತ್ರ ನೆನಪಿತ್ತು," ಎಂದರು ಮಾಸ್ತರು, ದಬ್ಬೆಗಳ ಸಂದಿಯಿಂದ.

ಹುಡುಗರು ಹಂದರವನ್ನು ಮತ್ತೆ ಒಳಕ್ಕೆ ತಳ್ಳಿ ಮಾಸ್ತರನ್ನು ಬಿಡಿಸುವಷ್ಟರಲ್ಲಿ ಗೌಡರು ಬಂದರು. ಇನ್‌ಸ್ಪೆಕ್ಟರರು ಬರಲು ಎರಡೇ ದಿನ. ಹರಿಗೋಲು ಹೊರಗೆ ಬರುವಂತಿಲ್ಲ, ಹೊಲಿಯುವವಳು ಒಳಗೆ ಹೋಗುವಂತಿಲ್ಲ. ಗೌಡರು ಸುತ್ತ ನೋಡಿ, ಮರದ ಕಡೆ ನಾಲ್ಕು ಹೆಜ್ಜೆ ಬಂದು, ದನಿ ತಗ್ಗಿಸಿದರು.

"ಲೇ ಜಂಬಿ. ಹೊತ್ತು ಮುಳುಗಿದ ಮ್ಯಾಲ ಬಂದು ಹೊಲಿದು ಹೋಗು. ಯಾರಿಗೂ ಹೇಳಾದು ಬ್ಯಾಡ. ಆಮ್ಯಾಲ ಗಂಜಳ ಹಾಕಿ ತೊಳಸ್ತೀವಿ."

ಜಂಬಕ್ಕ ಎದ್ದು ನಿಂತಳು. ಇಷ್ಟು ದಿನ ಗೌಡರ ಮುಂದೆ ಅವಳ ಬೆನ್ನು ಬಾಗಿಯೇ ಇರುತ್ತಿತ್ತು. ಈಗ ನೆಟ್ಟಗಾಯಿತು. ಕೆಲಸದಿಂದ ಹಿಡಿದುಕೊಂಡಿದ್ದ ಸೊಂಟ ನೋಯಿತು ಕೂಡ.

"ಬರಂಗಿಲ್ರಿ."

"ಏನಂದಿ?"

"ಕದ್ದು ಬರಂಗಿಲ್ಲ ಅಂದೆ. ನಾನೇನು ಬೆಕ್ಕಾ? ಬಂದ್ರ ಹಗಲಾಗ ಬರ್ತೀನಿ, ಮಗಳ ಕೈ ಹಿಡಕಂಡು ಬರ್ತೀನಿ. ನಾನು ಬಂದು ಹೋದ ಜಾಗ ತೊಳಿಯಂಗಿದ್ರ, ನಾನು ಹೊಲಿದ ಹರಿಗೋಲ್ನ್ಯಾಗ ಕುಂತ ನಿಮ್ಮ ಕುಂಡಿನೂ ತೊಳಕಳ್ರಿ, ಇಪ್ಪತ್ತು ವರ್ಷದ್ದು ಬಾಕಿ ಐತಿ."

ಹುಡುಗರು ಕಿಟಕಿಯಲ್ಲಿ ಕಿಸಕ್ಕೆಂದರು. ಗೌಡರ ಕೈ ಅವರಿಗೇ ತಿಳಿಯದಂತೆ ಪಂಚೆಯ ಹಿಂಭಾಗವನ್ನು ಒಮ್ಮೆ ಸವರಿತು. ಅವರು ಹೊಡೆಯಲು ಕೈ ಎತ್ತಿದರು. ಹೊಡೆದರೆ ಮುಟ್ಟಬೇಕು. ಕೈ ಹಾಗೇ ಇಳಿಯಿತು.

ಮರುದಿನ ಬೆಳಿಗ್ಗೆ ಗೌಡರು ನಾಲ್ಕು ಆಳು, ಎರಡು ಹಾರೆ ತಂದರು. ಒಬ್ಬ ಹೆಂಗಸು ಬಾಗಿಲು ದಾಟಬಾರದು ಎಂದು ಬಾಗಿಲಿದ್ದ ಗೋಡೆಯನ್ನೇ ಕೆಡವಿಸಿದರು. ಧೂಳೆದ್ದಿತು. ಹಲ್ಲಿಗಳು ಓಡಿದವು. ಬಾಗಿಲು ಚೌಕಟ್ಟಿನ ಸಮೇತ ಬಂದು ಹೊಂಗೆ ಮರಕ್ಕೆ ಒರಗಿತು. ಹರಿಗೋಲು ಉರುಳಿಕೊಂಡು ಬಯಲಿಗೆ ಬಂತು.

ಗೌಡರು ಮೀಸೆಯ ಧೂಳು ಒರೆಸಿಕೊಂಡರು. "ಈಗ ಹೊರಗ ಐತಿ. ಹೊಲಿ."

"ನನ್ನ ಮಗಳು ಒಳಗ ಕುಂತ್ಲಂದ್ರ ಹೊಲಿತೀನ್ರಿ."

"ಯಾವ ಒಳಗ?" ಗೌಡರಿಗೆ ತಲೆ ಕೆಟ್ಟಿತ್ತು. "ಕಣ್ಣಿಲ್ಲೇನು ನಿನಗ? ಗ್ವಾಡಿನೇ ಇಲ್ಲ. ಒಳಗ ಯಾವುದು, ಹೊರಗ ಯಾವುದು?"

ಜಂಬಕ್ಕ ದಬ್ಬಳ ಕೈಗೆತ್ತಿಕೊಂಡಳು. ಆಮೇಲೆ ತಿರುಗಿ ಕೂಗಿದಳು. "ಮುದುಕಿ, ಸ್ಲೇಟು ತಗಂಡು ಮುಂದಕ್ಕ ಹೋಗು. ಒಳಗ ಹೊರಗ ಅನ್ನಾದು ಇಲ್ಲಂತ. ಗೌಡ್ರು ಹೇಳ್ಯಾರ."

ಮುದುಕಮ್ಮ ಎದ್ದಳು. ಹದಿನೈದು ಹೆಜ್ಜೆ ನಡೆದಳು. ಕೆಡವಿದ ಮಣ್ಣಿನ ಗುಡ್ಡೆ ಹತ್ತಿ ಇಳಿದು, ಕೊಟ್ರಯ್ಯನ ಪಕ್ಕ ಕೂತಳು. ಕೊಟ್ರಯ್ಯ ಸ್ವಲ್ಪ ಸರಿದು ಜಾಗ ಕೊಟ್ಟ. ಅವನಿಗೆ ತೊಗಲಿನ ಗಂಟು ಹಾಕುವುದನ್ನು ಅವಳಿಂದ ಕಲಿಯಬೇಕಾಗಿತ್ತು.

ಗೌಡರು ಬಾಯಿ ತೆರೆದರು. ಆಗಲೇ ದಾರಿಯಲ್ಲಿ ಗಾಡಿಯ ಗೆಜ್ಜೆ ಕೇಳಿಸಿತು. ಇನ್‌ಸ್ಪೆಕ್ಟರರು ಒಂದು ದಿನ ಮೊದಲೇ ಬಂದಿದ್ದರು.

ಗಾಡಿ ಬಂದು ನಿಲ್ಲುವಷ್ಟರಲ್ಲಿ ಹುಡುಗರೆಲ್ಲ ಹರಿಗೋಲಿನ ಸುತ್ತ ಸೇರಿದ್ದರು. ಗಾಡಿಯಿಂದ ಇಳಿದವರು ಕಂಡದ್ದು ಮೂರು ಗೋಡೆಯ ಶಾಲೆ. ಮುಂದೆ ಬಯಲಲ್ಲಿ ಹರಿಗೋಲು. ಒಬ್ಬ ಹೆಂಗಸು ಮೊಣಕಾಲೂರಿ ತೊಗಲು ಹೊಲಿಯುತ್ತಿದ್ದಾಳೆ. ಸುತ್ತ ಹುಡುಗರು. ಒಬ್ಬ ಹೊಲಿಗೆ ಎಣಿಸುತ್ತಿದ್ದಾನೆ. ಒಬ್ಬ ತೊಗಲಿನ ದಾರದಿಂದ ಸುತ್ತಳತೆ ಹಿಡಿಯುತ್ತಿದ್ದಾನೆ. ಒಬ್ಬ ಬರೆಯುತ್ತಿದ್ದಾನೆ. ಒಬ್ಬ ಹುಡುಗಿ ಗಂಟು ತಪ್ಪಿಸಿದವನ ತಲೆಗೆ ಸ್ಲೇಟಿನಿಂದ ಮೊಟಕುತ್ತಿದ್ದಾಳೆ.

"ಶಾಲೆಗೆ ಬಾಗಿಲು ಇಲ್ಲವೇ?" ಎಂದರು ಇನ್‌ಸ್ಪೆಕ್ಟರರು.

"ಐತಿ ಸ್ವಾಮಿ," ಎಂದರು ಮಾಸ್ತರು. "ಗಿಡಕ್ಕ ಒರಗಿಸೀವಿ."

ಇನ್‌ಸ್ಪೆಕ್ಟರರು ಮರವನ್ನು ನೋಡಿದರು. ಬಾಗಿಲಿತ್ತು. ಚಿಲಕವೂ ಹಾಕಿತ್ತು. ಹುಡುಗರನ್ನು ಪ್ರಶ್ನೆ ಕೇಳಿದರು. ಹೊಳೆ ಎಲ್ಲಿ ಹುಟ್ಟುತ್ತದೆ ಎಂದಾಗ ಶೀನಪ್ಪ ಹೇಳಿದ. ಏಳೆಂಟಲೆ ಎಂದಾಗ ಕೊಟ್ರಯ್ಯ ಬೆರಳಲ್ಲಿ ಗಾಳಿಯನ್ನೇ ಕಟ್ಟು ಕಟ್ಟಿ, ಐವತ್ತಾರು ಎಂದ. ಐದು ಮೊಳ ಅಡ್ಡಳತೆಗೆ ಸುತ್ತಳತೆ ಎಷ್ಟು ಎಂದಾಗ ಎಲ್ಲರೂ ಮುದುಕಮ್ಮನ ಕಡೆ ತಿರುಗಿದರು. ಮುದುಕಮ್ಮ ಎದ್ದು, "ಹದಿನೈದು ಮೊಳ, ಮ್ಯಾಲ ಒಂದು ಗೇಣು ಹಿಡಿರಿ. ದಾರ ಬಿಗಿದ್ರ ಗೇಣು ಸಾಲದು," ಎಂದಳು. ಸಾಹೇಬರು ದಾರ ಹಿಡಿದು ತಾವೇ ಅಳೆದರು. ಸಾಲಲಿಲ್ಲ.

ಶಾಲೆ ಸಣ್ಣಗಡ್ಡಿಯಲ್ಲೇ ಉಳಿಯಲಿ ಎಂದು ಬರೆದು ಹೋದರು. ಮಳೆಗಾಲದ ಮುಂಚೆ ಗೋಡೆ ಕಟ್ಟಿಸಿ ಎಂದೂ ಬರೆದರು.

ಊರು ಸುಮ್ಮನಿರಲಿಲ್ಲ. ಮರುದಿನ ಹನ್ನೊಂದು ಮಕ್ಕಳನ್ನು ಶಾಲೆ ಬಿಡಿಸಿದರು. ಮನೆಯಲ್ಲಿ ಆ ಮಕ್ಕಳನ್ನು ಕಬ್ಬಿನ ಗದ್ದೆಯ ಕಳೆ ಕೀಳಲು ಹಾಕಿದರು. ಎರಡು ದಿನ ಕಳೆ ಕಿತ್ತ ಮಕ್ಕಳು ಮೂರನೇ ದಿನ ತಾವೇ ಶಾಲೆಗೆ ಓಡಿ ಬಂದರು. ವಿದ್ಯೆಯ ಮೇಲೆ ಅಷ್ಟು ಪ್ರೀತಿ ಆ ಊರಿನಲ್ಲಿ ಹಿಂದೆ ಯಾರೂ ಕಂಡಿರಲಿಲ್ಲ.

ಗೋಡೆ ಕಟ್ಟುವ ದಿನ ಬಂತು. ಮೇಸ್ತ್ರಿ ಚನ್ನಯ್ಯ ಮೊದಲು ಹೊಸ ಬಾಗಿಲು ನಿಲ್ಲಿಸಿ, ಕದ ಮುಚ್ಚಿ ಆನಿಕೆ ಕೊಟ್ಟ. ಕೆಸರು ಹೊರುವ ಕೂಲಿಗೆ ಕೇರಿಯಿಂದ ಬಂದವರಲ್ಲಿ ಜಂಬಕ್ಕನೂ ಒಬ್ಬಳು. ಶಾಲೆಯ ಮುಂದೆ ಕೆಸರು ಕಲಸಿದ ಕೊಳದಿಂದ ಬುಟ್ಟಿ ತುಂಬಿ ತಲೆಗೇರಿಸಿ ತಂದು ಚನ್ನಯ್ಯನ ಪಕ್ಕ ಸುರಿಯಬೇಕು. ಕೆಸರು ಕಣ್ಣಿಗೆ ಇಳಿಯುತ್ತಿತ್ತು. ಒಳಗೆ ಪಾಠ ನಡೆದಿತ್ತು.

ಗೋಡೆ ಮೊಣಕಾಲೆತ್ತರ ಬಂದಾಗ ಗೌಡರು ಬಂದು ನಿಂತರು. "ಆ ಹುಡುಗಿ ಹೊರಗ ಬರಬೇಕು. ಈಗ ಗ್ವಾಡಿ ಐತಿ."

ಮುದುಕಮ್ಮ ಕೇಳಿಸದವಳಂತೆ ಸ್ಲೇಟು ಒರೆಸಿದಳು.

"ಎಬ್ಬಸ್ರಿ ಆಕಿನ್ನ," ಎಂದರು ಗೌಡರು ಮಾಸ್ತರಿಗೆ.

"ಹೇಳೀನ್ರಿ. ಏಳವಲ್ಲಳು."

"ಎಳದು ಹೊರಗ ಹಾಕ್ರಿ."

"ಮುಟ್ಟಬೇಕಾಗ್ತೈತಲ್ರಿ," ಎಂದರು ಮಾಸ್ತರು, ನೆಲ ನೋಡುತ್ತ. ಅವರು ಹೆದರಿದ್ದರೋ, ಜಾಣರಾಗಿದ್ದರೋ, ಜಂಬಕ್ಕನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಗೌಡರು ಆಳುಗಳನ್ನು ನೋಡಿದರು. ಆಳುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರೂ ಮೇಲಿನ ಜಾತಿಯವರು. ಎಲ್ಲರೂ ಅಂದು ಬೆಳಿಗ್ಗೆ ಸ್ನಾನ ಮಾಡಿದ್ದರು. ಗೋಡೆ ಸೊಂಟಕ್ಕೆ ಬಂತು.

"ಲೇ ಜಂಬಿ, ನೀನೇ ಹೋಗಿ ಎಳಕಂಡು ಬಾ."

ಜಂಬಕ್ಕ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ. "ನಾನು ಒಳಗ ಹೋಗಂಗಿಲ್ಲಲ್ರಿ, ಗೌಡ್ರ. ನೀವೇ ಹೇಳೀರಿ."

"ಚನ್ನಯ್ಯ, ನಿಲ್ಸು."

"ಕೆಸರು ಒಣಗ್ತೈತ್ರಿ," ಎಂದ ಚನ್ನಯ್ಯ, ಇನ್ನೊಂದು ಕಲ್ಲು ಇಟ್ಟ.

ಗೌಡರು ತುದಿಗಾಲಲ್ಲಿ ನಿಂತು ಗೋಡೆಯ ಮೇಲಿಂದ ಬೈದರು. ಗೋಡೆ ಕತ್ತಿಗೆ ಬಂದಾಗ ಕಲ್ಲಿನ ಮೇಲೆ ಹತ್ತಿ ಬೈದರು. ಕಲ್ಲು ಹೊರಳಿತು. ಗೌಡರು ಕೆಸರಿನ ಕೊಳದಲ್ಲಿ ಕೂತರು. ಒಳಗಿನ ಮಕ್ಕಳಿಗೆ ಗೌಡರ ರುಮಾಲು ಇದ್ದಕ್ಕಿದ್ದಂತೆ ಮಾಯವಾದದ್ದು ಮಾತ್ರ ಕಂಡಿತು. ಜಂಬಕ್ಕ ಅವರನ್ನು ಸುತ್ತು ಹಾಕಿ, ಪಕ್ಕದಿಂದ ಬುಟ್ಟಿ ತುಂಬಿಕೊಂಡು ಹೋದಳು. ಕೈ ಕೊಟ್ಟು ಎಬ್ಬಿಸೋಣವೆಂದರೆ ಮುಟ್ಟುವಂತಿರಲಿಲ್ಲ.

ಸಂಜೆಗೆ ಗೋಡೆ ಮುಗಿಯಿತು. ಮುದುಕಮ್ಮ ಹೊಸ ಬಾಗಿಲಿನಿಂದ ಹೊರಗೆ ಬಂದು ಗಂಜಿ ಉಂಡು ಮಲಗಿದಳು. ಮರುದಿನ ಅದೇ ಬಾಗಿಲಿನಿಂದ ಒಳಗೆ ಹೋದಳು. ಗೌಡರಿಗೆ ಸೊಂಟ ಹಿಡಿದು ಹದಿನೈದು ದಿನ ಹಾಸಿಗೆ. ಅಷ್ಟರಲ್ಲಿ ಅದು ರೂಢಿಯಾಯಿತು.

ಒಂದು ದಿನ ಮುದುಕಮ್ಮ ಅಳುತ್ತ ಕೇರಿಗೆ ಬಂದಳು. ಅಂಗೈಯಲ್ಲಿ ಬೆತ್ತದ ಕೆಂಪು ಗೀರು. ಗದ್ದಲ ಮಾಡಿದ್ದಕ್ಕೆ ಮಾಸ್ತರು ಹೊಡೆದಿದ್ದರು.

"ನಿನಗೊಬ್ಬಾಕಿಗೇನಾ?"

"ಎಲ್ಲಾರಿಗೂ. ಸಾಲಾಗಿ. ನನ್ನ ಮುಂದ ಕೊಟ್ರ, ಹಿಂದ ಶೀನ. ನಾನು ಗದ್ಲ ಮಾಡಿದ್ದಿಲ್ಲಬೇ."

ಜಂಬಕ್ಕನಿಗೆ ನಖಶಿಖಾಂತ ಸಿಟ್ಟು ಬಂತು. ತೊಗಲನ್ನು ನೀರಿನಲ್ಲೇ ಬಿಟ್ಟಳು. ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು, ಮಗಳ ರಟ್ಟೆ ಹಿಡಿದುಕೊಂಡು ಬಿರಬಿರನೆ ನಡೆದಳು. ಕೇರಿ ದಾಟಿದಳು. ಹೊಂಗೆ ಮರ ದಾಟಿದಳು. ಮಾಸ್ತರ ಮೇಜಿನ ಮುಂದೆ ನಿಂತಳು.

"ಏನ್ರಿ ಮಾಸ್ತರ, ಮಾತಾಡದ ಹುಡುಗಿಗೆ ಹೊಡಿತೀರಲ್ಲ, ನೋಡಿ ಹೊಡಿಯಾಕ ಕಣ್ಣಿಲ್ಲೇನ್ರಿ? ಗದ್ಲ ಮಾಡಿದೋರು ಯಾರು, ಸುಮ್ಮನ ಕುಂತೋರು ಯಾರು..."

ಮಾತಿನ ನಡುವೆ ಪಾದಕ್ಕೆ ತಣ್ಣಗಾಯಿತು. ಸಾರಿಸಿದ ನೆಲ. ಮೇಲೆ ನೋಡಿದಳು, ತೊಲೆ. ಸುತ್ತ ನೋಡಿದಳು, ನಾಲ್ಕೂ ಕಡೆ ಗೋಡೆ. ಮಾಸ್ತರ ಕೈಯ ಬೆತ್ತ ಗಾಳಿಯಲ್ಲೇ ನಿಂತಿತ್ತು. ಬಾಗಿಲು ಅವಳ ಬೆನ್ನ ಹಿಂದೆ, ಎಂಟು ಹೆಜ್ಜೆ ಹಿಂದೆ ಇತ್ತು.

ಜಂಬಕ್ಕ ತಿರುಗಿ ಬಾಗಿಲ ಕಡೆ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲ್ಲಿತನ ಹೇಳಿದ್ನ್ರಿ?" ಎಂದಳು. "ಹಾಂ, ಕಣ್ಣು."

ಬೈಗುಳ ಇನ್ನೂ ಬಹಳ ಉಳಿದಿತ್ತು. ಅವಳು ಪೂರ್ತಿ ಬೈದಳು.